ಹದಿನೈದೂವರೆ ಸಾವಿರದ ಲ್ಯಾಪ್‌ಟಾಪ್ ಮತ್ತು ಲಿನಕ್ಸ್‌ನಲ್ಲಿ ಕನ್ನಡ

ತುಮಕೂರಿನ ನನ್ನ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸವನ್ನು ನಾನು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ರಕಾಶಕರಿಂದ ಬಂದ ಕಡತಗಳು, ನಾನು ತಿದ್ದಿದ ಪ್ರತಿಗಳು, ಪದಗಳ ರೂಪದ ಬಗ್ಗೆ ನನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಎಲ್ಲವೂ ಇರುವುದು ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಅನ್ನು ಬಳಸಿ ನೋಡಬೇಕೆಂಬ ಆಸೆ ಹತ್ತು ವರ್ಷಗಳಿಂದಲೂ ಇತ್ತು. ಆದರೆ ಅನ್ನ ಕೊಡುವ ಯಂತ್ರದ ಮೇಲೆ ಪ್ರಯೋಗ ಮಾಡಲು ನನಗೆ ಮನಸ್ಸು ಬರಲಿಲ್ಲ. ಪ್ರತಿ ಸಲವೂ ಕೈಯಲ್ಲಿರುವ ಪುಸ್ತಕ ಮುಗಿಯಲಿ ಎಂದು ಮುಂದೂಡುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುತ್ತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಾಗ ಈ ಮುಂದೂಡಿಕೆಗೆ ಒಂದು ಗಡುವು ಬಂದಂತಾಯಿತು. ನನ್ನ ಡೆಸ್ಕ್‌ಟಾಪಿನ ಪ್ರೊಸೆಸರ್ ಇಂಟೆಲ್ ನಾಲ್ಕನೆಯ ತಲೆಮಾರಿನದು. ವಿಂಡೋಸ್ 11 ಬೇಕಿದ್ದರೆ ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಿರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಇರಬೇಕು. ಅಂದರೆ ನಾನು ಹೊಸ ಕಂಪ್ಯೂಟರಿಗೆ ನಲವತ್ತು ಐವತ್ತು ಸಾವಿರ ಹೊಂದಿಸಬೇಕಿತ್ತು, ಇಲ್ಲವೇ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಬೇರೆ ದಾರಿಯನ್ನು ಹಿಡಿಯಬೇಕಿತ್ತು.

ಬೇರೆ ಆಪರೇಟಿಂಗ್ ಸಿಸ್ಟಂ ಪ್ರಯತ್ನಿಸುವವರಿಗೆ ಸಾಮಾನ್ಯವಾಗಿ ಎರಡು ಸಲಹೆಗಳು ಸಿಗುತ್ತವೆ. ಇರುವ ಡಿಸ್ಕನ್ನೇ ಭಾಗ ಮಾಡಿ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ಒಂದು. ವಿಂಡೋಸ್ ಒಳಗೆ ವರ್ಚುವಲ್ ಯಂತ್ರವೊಂದನ್ನು ನಿರ್ಮಿಸಿ ಅದರಲ್ಲಿ ಲಿನಕ್ಸ್ ಓಡಿಸುವುದು ಇನ್ನೊಂದು. ಎರಡನೆಯದನ್ನು ನಾನು ಹಿಂದೊಮ್ಮೆ ಮಾಡಿ ನೋಡಿದ್ದೆ. ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಎರಡು ವ್ಯವಸ್ಥೆಗಳು ಜಾಗಕ್ಕಾಗಿ ತಳ್ಳಾಡುತ್ತಿದ್ದಾಗ ಲಿನಕ್ಸ್ ಎಷ್ಟು ನಿಧಾನವಾಗಿತ್ತೆಂದರೆ, ಅದು ಲಿನಕ್ಸ್‌ನ ಗುಣವೆಂದೇ ನಾನು ಎರಡು ವರ್ಷ ತಪ್ಪು ತಿಳಿದಿದ್ದೆ. ಮೊದಲನೆಯ ದಾರಿಯಲ್ಲಿ ಡಿಸ್ಕ್ ಭಾಗ ಮಾಡುವಾಗ ಒಂದು ಗೆರೆ ತಪ್ಪಿದರೂ ಹತ್ತೊಂಬತ್ತು ವರ್ಷಗಳ ಕಡತಗಳು ಅಪಾಯಕ್ಕೆ ಸಿಲುಕುತ್ತವೆ. ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇತ್ತೆಂಬುದು ನಿಜ. ಆದರೂ ಭಯದಿಂದ ಕಲಿಯುವವನು ಪ್ರತಿ ಹೆಜ್ಜೆಯಲ್ಲೂ ಹಿಂದಕ್ಕೆ ನೋಡುತ್ತಾನೆ, ಏನನ್ನೂ ಸರಿಯಾಗಿ ಕಲಿಯುವುದಿಲ್ಲ ಎಂಬುದು ನನ್ನ ಅನುಭವ. ಪೂರ್ತಿ ಅಳಿಸಿ ಮೊದಲಿನಿಂದ ಹಾಕಿದರೂ ಯಾರಿಗೂ ನಷ್ಟವಾಗದ, ಬೇರೆಯದೇ ಆದ ಒಂದು ಯಂತ್ರ ನನಗೆ ಬೇಕಾಗಿತ್ತು.

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಹಬ್ಬಕ್ಕೆ ಬಂದಾಗ ಈ ಮಾತು ಬಂತು. "ಮಾವ, ಹೊಸದು ಯಾಕೆ ತಗೋತೀರಿ? ವಿಂಡೋಸ್ 11 ಒಪ್ಪದ ಲ್ಯಾಪ್‌ಟಾಪುಗಳ ಬೆಲೆ ಈಗ ಇಳಿದಿದೆ. ಲಿನಕ್ಸ್‌ಗೆ ಅವು ಧಾರಾಳವಾಗಿ ಸಾಕು" ಎಂದು ಅವನು ಹೇಳಿದ. ದೊಡ್ಡ ಕಂಪನಿಗಳು ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಕೆಲವು ವರ್ಷಗಳ ನಂತರ ಒಟ್ಟಾಗಿ ಬದಲಾಯಿಸುತ್ತವೆ. ಅವುಗಳನ್ನು ಸಗಟಾಗಿ ಕೊಂಡವರು ಡಿಸ್ಕ್ ಅಳಿಸಿ, ಶುಚಿ ಮಾಡಿ, ಸವೆದ ಭಾಗಗಳನ್ನು ಬದಲಾಯಿಸಿ ಮತ್ತೆ ಮಾರುತ್ತಾರೆ. ರಿಫರ್ಬಿಶ್ಡ್ ಎಂಬ ಮಾತಿನ ಅರ್ಥ ಅಷ್ಟೇ. ಬಳಸಿದವರಿಂದ ಇದ್ದ ಹಾಗೆಯೇ ಕೈಬದಲಾಗುವ ಸೆಕೆಂಡ್ ಹ್ಯಾಂಡ್ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ನಡುವೆ ಒಬ್ಬರು ಪರೀಕ್ಷಿಸಿರುತ್ತಾರೆ ಮತ್ತು ಕೆಲವು ತಿಂಗಳಾದರೂ ವಾರಂಟಿ ಕೊಡುತ್ತಾರೆ. ಆ ಪರೀಕ್ಷೆ ಎಷ್ಟು ನಿಜವಾಗಿ ನಡೆದಿದೆ ಎಂಬುದನ್ನು ಮಾತ್ರ ಕೊಳ್ಳುವವರೇ ಕಂಡುಕೊಳ್ಳಬೇಕು.

ನಾನು ಆರಿಸಿಕೊಂಡ ಮಾದರಿ ಲೆನೊವೊ ಥಿಂಕ್‌ಪ್ಯಾಡ್ ಟಿ470. 2017ರಲ್ಲಿ ಬಂದ ಈ ಯಂತ್ರದಲ್ಲಿ ಆರನೆಯ ಅಥವಾ ಏಳನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುತ್ತದೆ, ಹಾಗಾಗಿ ವಿಂಡೋಸ್ 11ರ ಪಟ್ಟಿಯಲ್ಲಿ ಇದು ಇಲ್ಲ. ಇದರ ಮುಂದಿನ ವರ್ಷದ ಟಿ480ರಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಇರುವುದರಿಂದ ಅದು ಆ ಪಟ್ಟಿಗೆ ಸೇರುತ್ತದೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಎರಡರ ಬೆಲೆಗೂ ಐದಾರು ಸಾವಿರದ ಅಂತರವಿತ್ತು. ಟಿ470ರಲ್ಲಿ ರ‍್ಯಾಮ್ ಹಾಕಲು ಎರಡು ಸ್ಥಾನಗಳಿವೆ, ಡಿಸ್ಕನ್ನು ಸ್ಕ್ರೂಡ್ರೈವರ್ ಒಂದರಿಂದಲೇ ಬದಲಾಯಿಸಬಹುದು, ಮತ್ತು ಬ್ಯಾಟರಿ ಎರಡು ಇರುತ್ತವೆ: ಒಳಗೊಂದು, ಹೊರಗಿನಿಂದ ಕಳಚಬಹುದಾದ ಇನ್ನೊಂದು. ಒಳಗಿನ ಬ್ಯಾಟರಿ ಜೀವಂತವಾಗಿದ್ದರೆ ಹೊರಗಿನದನ್ನು ಕಂಪ್ಯೂಟರ್ ಆಫ್ ಮಾಡದೆಯೇ ಬದಲಾಯಿಸಬಹುದು. ದಿನಕ್ಕೆರಡು ಸಲ ಕರೆಂಟು ಹೋಗುವ ಬೇಸಿಗೆಯಲ್ಲಿ ಇದು ಸಣ್ಣ ಸೌಕರ್ಯವಲ್ಲ.

ಪರದೆಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಈ ಮಾದರಿ 1366×768 ಮತ್ತು 1920×1080 ಬಿಂದುಗಳ ಎರಡು ಬಗೆಯ ಪರದೆಗಳಲ್ಲಿ ದೊರೆಯುತ್ತದೆ. ಇಂಗ್ಲಿಷ್ ಓದುವವರಿಗೆ ಮೊದಲನೆಯದೂ ಸಾಲಬಹುದು. ಕನ್ನಡದಲ್ಲಿ ಹಾಗಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕುಳಿತಿರುತ್ತವೆ. ಮಹಾಪ್ರಾಣದ ಸೀಳು ಒಂದು ಕೂದಲೆಳೆಯಷ್ಟು. ಕಡಿಮೆ ಬಿಂದುಗಳ ಪರದೆಯಲ್ಲಿ ದ ಮತ್ತು ಧ ಒಂದೇ ಆಗಿ ಕಾಣುತ್ತವೆ. ದಿನವಿಡೀ ಇವುಗಳನ್ನೇ ನೋಡುವ ನನ್ನಂಥವರು ಒಂದೆರಡು ಸಾವಿರ ಉಳಿಸಲು ಹೋಗಿ ಕಣ್ಣನ್ನೂ ಕೆಲಸವನ್ನೂ ಕೆಡಿಸಿಕೊಳ್ಳಬಾರದು.

ಒಂದು ಶನಿವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ ದಾಟಿ ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಸಾದರ ಪತ್ರಪ್ಪ ರಸ್ತೆ ಸಿಗುತ್ತದೆ. ಜನರ ಬಾಯಲ್ಲಿ ಅದು ಎಸ್‌ಪಿ ರೋಡ್. ಜೇಬಿನಲ್ಲಿ, ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್ ಒಂದಿತ್ತು. ಹೊಸದಾಗಿ ಹೋಗುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದ ವಿಷಯ ಇದೇ: ಹಳೆಯ ಕಂಪ್ಯೂಟರ್ ಕೊಳ್ಳಲು ಹೋಗುವಾಗ ಲೈವ್ ಪೆನ್‌ಡ್ರೈವ್ ಜೊತೆಯಲ್ಲಿರಲಿ. ಅಂಗಡಿಯವರ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಇಡೀ ವ್ಯವಸ್ಥೆ ಶುರುವಾಗುತ್ತದೆ. ನೀವು ಬಳಸಬೇಕೆಂದಿರುವ ಸಿಸ್ಟಂ ಆ ಯಂತ್ರದ ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್‌ಗಳನ್ನು ಗುರುತಿಸುತ್ತದೆಯೇ ಎಂಬುದು ಹಣ ಕೊಡುವ ಮೊದಲೇ ಗೊತ್ತಾಗುತ್ತದೆ.

ಮೊದಲ ಅಂಗಡಿಯಲ್ಲಿ ತೋರಿಸಿದ ಯಂತ್ರ ಹೊರಗಿನಿಂದ ಕನ್ನಡಿಯಂತಿತ್ತು. ಶುರುವಾಗುವಾಗ ಎಫ್1 ಒತ್ತಿ, ಯಂತ್ರದ ಮೂಲ ಸಂಯೋಜನೆಗಳಿರುವ ಬಯೋಸ್ ತೆರೆಯಲು ಹೋದರೆ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತು. ಹಿಂದಿನ ಕಂಪನಿಯವರು ಹಾಕಿದ ಆ ಪಾಸ್‌ವರ್ಡ್ ಅಂಗಡಿಯವರಿಗೂ ಗೊತ್ತಿರಲಿಲ್ಲ. "ವಿಂಡೋಸ್ ಓಡುತ್ತದಲ್ಲ ಸರ್, ಅದು ಯಾಕೆ ಬೇಕು ನಿಮಗೆ?" ಎಂದು ಕೇಳಿದರು. ಆ ಪಾಸ್‌ವರ್ಡ್ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಇರುತ್ತದೆ. ಡಿಸ್ಕ್ ಅಳಿಸಿದರೂ, ಬದಲಾಯಿಸಿದರೂ ಹೋಗುವುದಿಲ್ಲ. ಯಂತ್ರ ಯಾವುದರಿಂದ ಶುರುವಾಗಬೇಕು, ನಂಬಿಕೆಯ ಗುರುತಿಲ್ಲದ ಸಿಸ್ಟಂಗಳನ್ನು ತಡೆಯುವ ಸೆಕ್ಯೂರ್ ಬೂಟ್ ಇರಬೇಕೇ ಬೇಡವೇ ಎಂಬ ಯಾವ ನಿರ್ಧಾರವೂ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಬೇರೆ ಸಿಸ್ಟಂ ಹಾಕಲೆಂದೇ ಕೊಳ್ಳುವವರು ಇಂಥ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟರೂ ಬಿಟ್ಟು ಬರಬೇಕು. ಬಯೋಸ್ ತೆರೆದರೆ ಅಲ್ಲಿಯೇ ಇನ್ನೊಂದನ್ನೂ ನೋಡಬೇಕು: ಕಳುವಾದ ಲ್ಯಾಪ್‌ಟಾಪುಗಳನ್ನು ಪತ್ತೆಹಚ್ಚಲು ಕಂಪನಿಗಳು ಬಳಸುವ ಕಂಪ್ಯೂಟ್ರೇಸ್ ಎಂಬ ವ್ಯವಸ್ಥೆ ಚಾಲನೆಯಲ್ಲಿ ಇರಬಾರದು.

ನಾಲ್ಕನೆಯ ಅಂಗಡಿಯ ಹುಡುಗ ತಾಳ್ಮೆಯುಳ್ಳವನಾಗಿದ್ದ. ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿಕೊಟ್ಟು, ಕುಳಿತು ನೋಡಿ ಎಂದು ಸ್ಟೂಲ್ ಹಾಕಿದ. ಡಿಸ್ಕ್ ತೋರಿಸುವ ಪ್ರೋಗ್ರಾಮಿನಲ್ಲಿ ಎಸ್‌ಎಸ್‌ಡಿಯ ಆರೋಗ್ಯದ ವಿವರ ತೆರೆದಾಗ ಅದು ಒಟ್ಟು 9,800 ಗಂಟೆ ಓಡಿದೆ ಎಂದು ತಿಳಿಯಿತು, ಕೆಟ್ಟ ಸೆಕ್ಟರುಗಳು ಇರಲಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ ಐದು ವರ್ಷಗಳ ಕಚೇರಿ ಕೆಲಸ. ಯಂತ್ರದ ವಯಸ್ಸಿಗೆ ಅದು ಹೊಂದುತ್ತಿತ್ತು. ಬ್ಯಾಟರಿಯ ವಿವರವನ್ನು ಟರ್ಮಿನಲ್‌ನಲ್ಲಿ ಯುಪವರ್ ಎಂಬ ಆದೇಶದಿಂದ ತೆಗೆದೆ. ತಯಾರಾದಾಗ ಎಷ್ಟು ಶಕ್ತಿ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳನ್ನು ಅದು ಅಕ್ಕಪಕ್ಕ ತೋರಿಸುತ್ತದೆ. ಒಳಗಿನ ಬ್ಯಾಟರಿಯಲ್ಲಿ ಸುಮಾರು 24 ವ್ಯಾಟ್-ಅವರ್‌ಗೆ 17 ಉಳಿದಿತ್ತು, ಹೊರಗಿನದರಲ್ಲಿ 24ಕ್ಕೆ ಬರೇ 9. ಈ ಅಂಕಿಗಳನ್ನು ತೋರಿಸಿ ಕೇಳಿದ್ದಕ್ಕೆ ಹದಿನೇಳು ಸಾವಿರ ಎಂದಿದ್ದ ಬೆಲೆ 15,500ಕ್ಕೆ ಇಳಿಯಿತು. ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿದೆ, ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆಗಳಿಗಾಗಿ ಹುಡುಕಿದೆ, ಮುಚ್ಚಳವನ್ನು ಅರ್ಧಕ್ಕೆ ನಿಲ್ಲಿಸಿ ಕೀಲು ಬಿಗಿಯಾಗಿದೆಯೇ ಎಂದು ಪರೀಕ್ಷಿಸಿದೆ. ಎಂಟು ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಚಾರ್ಜರ್, ಆರು ತಿಂಗಳ ವಾರಂಟಿ, ಜಿಎಸ್‌ಟಿ ಬಿಲ್ಲು. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳುವುದನ್ನು ಮರೆಯಬಾರದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಯಂತ್ರಗಳನ್ನು ಸರಿಪಡಿಸಿ ಮಾರುವವರೂ ನೋಂದಾಯಿಸಿಕೊಳ್ಳಬೇಕೆಂದು ಹೇಳುತ್ತವೆ. ಬಿಲ್ಲು ಕೊಡಲು ಹಿಂಜರಿಯುವ ಕಡೆ ವ್ಯಾಪಾರವೇ ಬೇಡ ಎಂಬುದು ನನ್ನ ನಿಲುವು.

ಇನ್‌ಸ್ಟಾಲ್ ಮಾಡಿದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಲಿನಕ್ಸ್ ಮಿಂಟ್ 22, ಸಿನಮನ್ ಆವೃತ್ತಿ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ತಳಹದಿಯ ಮೇಲೆ ನಿಂತಿದ್ದು 2029ರ ವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಡಿಸ್ಕ್ ಪೂರ್ತಿ ಅಳಿಸು ಎಂಬ ಆಯ್ಕೆಯನ್ನು ಯಾವ ಅಳುಕೂ ಇಲ್ಲದೆ ಒತ್ತಿದ ಆ ಕ್ಷಣದಲ್ಲಿ, ಬೇರೆ ಯಂತ್ರ ಕೊಂಡಿದ್ದು ಸರಿಯಾಯಿತು ಎನ್ನಿಸಿತು. ಪ್ರಕಾಶಕರ ಅಪ್ರಕಟಿತ ಬರಹಗಳು ಇದರಲ್ಲಿ ಇರುವುದರಿಂದ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿದೆ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಮೊದಲ ವಾರದಲ್ಲೇ ಕುತೂಹಲಕ್ಕಾಗಿ ಎರಡು ಸಲ ಅಳಿಸಿ ಮತ್ತೆ ಹಾಕಿದೆ, ಎರಡನೆಯ ಸಲದಲ್ಲಿ ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸನ್ನೂ ನೋಡಿ ಮಿಂಟ್‌ಗೇ ಮರಳಿದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಆರಂಭವಾದದ್ದು ಆಮೇಲೆ. ಬೆರಳುಗಳ ಕಡೆ ಗಮನ ಕೊಡದೆ ಒಂದು ಪುಟ ಕನ್ನಡ ಬರೆಯಲು ಆಗುತ್ತದೆಯೇ? ಆಗದಿದ್ದರೆ ಆ ಸಿಸ್ಟಂ ಎಷ್ಟೇ ವೇಗವಾಗಿದ್ದರೂ ನನಗೆ ಪ್ರಯೋಜನವಿಲ್ಲ. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳಾದ ತಮ್ಮ ಕರ್ನಲ್ಲನ್ನು ಹೊರಗೆ ಬಿಟ್ಟ 1991ರಲ್ಲೇ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು, ಅದರಲ್ಲಿ ಕನ್ನಡ ಇತ್ತು. ಆದರೆ ಅಕ್ಷರಗಳಿಗೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ಬರವಣಿಗೆ ಸುಗಮವಾಗುವುದಿಲ್ಲ. ನಾನು ಕಲಿತದ್ದು ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಇರುವುದೂ ಅದೇ. ಕ ಒತ್ತಿ ಎಫ್ ಒತ್ತಿದರೆ ಅರ್ಧಾಕ್ಷರ, ಮುಂದಿನ ವ್ಯಂಜನ ತಾನಾಗಿ ಒತ್ತಾಗುತ್ತದೆ. ಈ ಚಲನೆ ನನ್ನ ಬೆರಳುಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ನೆಲೆಸಿದೆ.

ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಇದೇ ವಿನ್ಯಾಸದ ಇನ್ನೊಂದು ಹೆಸರಾದ ಕನ್ನಡ ಕಗಪ ಎಂಬುದನ್ನು ಕಂಡು ಸಂತೋಷದಿಂದ ಅದನ್ನೇ ಆರಿಸಿದೆ. ಕೆಲವೇ ನಿಮಿಷಗಳಲ್ಲಿ ತೊಡಕು ಗೊತ್ತಾಯಿತು. ಸಿಸ್ಟಂನ ಮೂಲ ಕೀಲಿಮಣೆ ವ್ಯವಸ್ಥೆಯಲ್ಲಿ ಒಂದು ಕೀಲಿಗೆ ಒಂದು ಅಕ್ಷರ ನಿಗದಿಯಾಗಿರುತ್ತದೆ. ಹಿಂದೆ ಏನಿತ್ತೆಂದು ಅದು ನೋಡುವುದಿಲ್ಲ. ಪದದ ಮೊದಲಲ್ಲಿ ಇಂಗ್ಲಿಷಿನ ಐ ಕೀಲಿ ಒತ್ತಿದರೆ ಇ, ವ್ಯಂಜನದ ನಂತರ ಒತ್ತಿದರೆ ಗುಡಿಸು ಎಂಬ ವಿವೇಚನೆ ಅದಕ್ಕೆ ಸಾಧ್ಯವಿಲ್ಲ. ಆ ವಿವೇಚನೆ ಬೇಕಿದ್ದರೆ ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯನ್ನೂ ಅದರ ಎಂ17ಎನ್ ಭಾಗವನ್ನೂ ಹಾಕಿಕೊಂಡು, ಕನ್ನಡದ ಕೆಳಗೆ ಕೆಜಿಪಿ ಎಂಬುದನ್ನು ಆರಿಸಬೇಕು. ಒಮ್ಮೆ ಲಾಗ್‌ಔಟ್ ಆಗಿ ಒಳಗೆ ಬಂದು ಮೊದಲ ವಾಕ್ಯ ಬರೆದಾಗ ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. ಆ ಸಂಜೆ ನಾನು ಅಗತ್ಯವಿಲ್ಲದಿದ್ದರೂ ಎರಡು ಪುಟ ಬರೆದೆ.

ಬರೆಯಲು, ತಿದ್ದಲು ಬಳಸುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಭಾಷೆಯ ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದನ್ನು ಚಾಲೂ ಮಾಡಿ ಅಲ್ಲಿ ಕನ್ನಡವನ್ನು ಆರಿಸಬೇಕು. ಅದು ಇಂಗ್ಲಿಷಿನ ಫಾಂಟನ್ನೂ ಕನ್ನಡದ ಫಾಂಟನ್ನೂ ಪ್ರತ್ಯೇಕವಾಗಿ ಲೆಕ್ಕವಿಡುತ್ತದೆ; ಸ್ಟೈಲ್‌ಗಳಲ್ಲಿ ಇಂಗ್ಲಿಷಿನ ಗಾತ್ರ ಬದಲಾಯಿಸಿ ಕನ್ನಡ ಯಾಕೆ ದೊಡ್ಡದಾಗುತ್ತಿಲ್ಲ ಎಂದು ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ. ಫಾಂಟುಗಳಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೊ ಎಲ್ಲವೂ ಉಚಿತವಾಗಿ ಸಿಗುತ್ತವೆ. ಕರಡು ತಿದ್ದಲು ನನಗೆ ಹಿಡಿಸಿದ್ದು ನೋಟೊ ಸೆರಿಫ್, ಅದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸಾಫ್ಟ್‌ವೇರ್ ಎಂಬ ಪದದಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಅಂಟದಂತೆ ತಡೆಯುವ ಕಾಣದ ಅಕ್ಷರವನ್ನು ತರಲು, ಬೇಕಾದ ಜಾಗದಲ್ಲಿ ಇಂಗ್ಲಿಷ್ ಕೀಲಿಮಣೆಯಿಂದ 200ಸಿ ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರಾಯಿತು. ಅದರ ಬದಲು 200ಡಿ ಎಂದು ಬರೆದರೆ ರ‍್ಯಾಂಕ್ ಎಂಬ ಪದದಲ್ಲಿ ಅರ್ಕಾವತ್ತು ಬಾರದಂತೆ ಮಾಡುವ ಅಕ್ಷರ ಬರುತ್ತದೆ; ಅದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಡಬೇಕು.

ನಿರೀಕ್ಷಿಸದೆ ದೊರೆತ ಲಾಭವೂ ಒಂದಿದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡದ ದತ್ತವೂ ಸಿದ್ಧವಾಗಿ ಸಿಗುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟವನ್ನು ಕೊಟ್ಟರೆ ಅದು ಅಕ್ಷರಗಳಾಗಿ ಪರಿವರ್ತಿಸಿ ಕೊಡುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ತಿದ್ದಬೇಕಾದದ್ದು ಬಹುಪಾಲು ಒತ್ತಕ್ಷರಗಳನ್ನು ಮಾತ್ರ. ಮೊಳೆ ಅಚ್ಚಿನ ಮಸುಕು ಪುಟಗಳಲ್ಲಿ ಮಾತ್ರ ಹೊಸದಾಗಿ ಟೈಪು ಮಾಡುವುದೇ ಮೇಲು.

ಆಗದಿರುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿರುವ ಹಳೆಯ ಲೇಸರ್ ಪ್ರಿಂಟರ್ ಇದರಲ್ಲಿ ಓಡಲಿಲ್ಲ. ಅದರ ತಯಾರಕರ ಡ್ರೈವರ್ ಹಳೆಯದಾಗಿದ್ದು, ಮೂರು ಸಂಜೆ ಪ್ರಯತ್ನಿಸಿ ಕೈಬಿಟ್ಟೆ. ಈಚಿನ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ ಡ್ರೈವರ್ ಬೇಕಾಗುವುದೇ ಇಲ್ಲ, ಆದ್ದರಿಂದ ಪ್ರಿಂಟರ್ ಬದಲಾಯಿಸುವವರೆಗೆ ಪಿಡಿಎಫ್ ಮಾಡಿಕೊಂಡು ಡೆಸ್ಕ್‌ಟಾಪಿನಿಂದ ಮುದ್ರಿಸುತ್ತಿದ್ದೇನೆ. ಇದಕ್ಕಿಂತ ದೊಡ್ಡದು ಪುಟವಿನ್ಯಾಸದ ಸಮಸ್ಯೆ. ನನಗೆ ಕೆಲಸ ಕೊಡುವ ಪ್ರಕಾಶಕರು ಪೇಜ್‌ಮೇಕರ್ ಅಥವಾ ಇನ್‌ಡಿಸೈನ್ ಬಳಸುತ್ತಾರೆ, ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶ ಈಗ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ಅವರ ಕಡತಗಳನ್ನು ಅದರಲ್ಲಿ ತೆರೆದು ತಿದ್ದಿ ಹಾಗೆಯೇ ಹಿಂದಿರುಗಿಸುವುದು ಸಾಧ್ಯವಿಲ್ಲ. ಹಾಗಾಗಿ ಡೆಸ್ಕ್‌ಟಾಪನ್ನು ಇಂಟರ್‌ನೆಟ್ಟಿನಿಂದ ಬೇರ್ಪಡಿಸಿ, ವಿನ್ಯಾಸದ ಕಡತ ಬಂದಾಗ ಮಾತ್ರ ಪೆನ್‌ಡ್ರೈವ್ ಮೂಲಕ ಬಳಸುವ ಏರ್ಪಾಡು ಮಾಡಿಕೊಂಡಿದ್ದೇನೆ. ಸಿಸ್ಟಂನ ಮೆನುಗಳನ್ನು ಕನ್ನಡದಲ್ಲಿ ಇಟ್ಟು ನೋಡಿದೆ. ಅನುವಾದ ಪೂರ್ತಿಯಾಗಿಲ್ಲವಾದ್ದರಿಂದ ಒಂದು ಸಾಲು ಕನ್ನಡ, ಪಕ್ಕದ್ದು ಇಂಗ್ಲಿಷ್ ಆಗಿ ಕಾಣುತ್ತದೆ. ಆ ಅನುವಾದ ಸ್ವಯಂಸೇವಕರ ಕೆಲಸ, ಯಾರು ಬೇಕಾದರೂ ಕೈಜೋಡಿಸಬಹುದು. ಪದ ತಿದ್ದುವುದೇ ವೃತ್ತಿಯಾಗಿರುವ ನಾನು ಈ ಮಳೆಗಾಲದಿಂದ ವಾರಕ್ಕೆ ಒಂದು ಗಂಟೆಯನ್ನು ಅದಕ್ಕಾಗಿ ತೆಗೆದಿಡಬೇಕೆಂದಿದ್ದೇನೆ.

ಈಗ ನಡೆಯುತ್ತಿರುವ ಕೆಲಸ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವುದು. ಹಳೆಯ ನುಡಿ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ದೃಷ್ಟಿಯಲ್ಲಿ ಕನ್ನಡವೇ ಅಲ್ಲ. ಫಾಂಟ್ ಇಲ್ಲದ ಈ ಯಂತ್ರದಲ್ಲಿ 2006ರ ಕಡತವೊಂದನ್ನು ತೆರೆದಾಗ ಕನ್ನಡ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಹೀಗೆ ಸಾಲಾಗಿ ನಿಂತಿದ್ದವು. ಪರಿವರ್ತಿಸುವ ಮುಕ್ತ ತಂತ್ರಾಂಶಗಳಿವೆ, ಬಹುಪಾಲು ಸರಿಯಾಗಿಯೇ ಮಾಡುತ್ತವೆ. ತಪ್ಪುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತವೆ, ಆದ್ದರಿಂದ ಕರ್ನಾಟಕ ಎಂಬಲ್ಲಿ ಅರ್ಕಾವತ್ತು ನಾ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಅದಕ್ಕಿಂತ ಮೊದಲು ಬರಬೇಕು. ಪರಿವರ್ತಕವು ಅದನ್ನು ಹಿಂದಕ್ಕೆ ಸರಿಸಬೇಕಾದಾಗ, ನಡುವೆ ಒತ್ತಕ್ಷರವೂ ಇದ್ದರೆ ಎಷ್ಟು ಹಿಂದಕ್ಕೆ ಎಂಬುದರಲ್ಲಿ ಎಡವುತ್ತದೆ. ನನ್ನ ಕಡತಗಳಲ್ಲಿ ಸಾಮರ್ಥ್ಯ, ಅರ್ಘ್ಯ ಎಂಬಂಥ ಪದಗಳನ್ನು ಹುಡುಕಿ ಒಂದೊಂದಾಗಿ ನೋಡುತ್ತಿದ್ದೇನೆ. ಒಟ್ಟು ತೊಂಬತ್ತೊಂಬತ್ತು ಕಡತಗಳಲ್ಲಿ ಮೂವತ್ತೆಂಟು ಮುಗಿದಿವೆ.